ದರ್ಶಿನಿಯಲ್ಲಿ ಬಾಯಿ ಬಿಟ್ಟು ಕೇಳಿ

ವಾರಕ್ಕೆ ನಾಲ್ಕು ದಿನ ನನ್ನ ತಿಂಡಿ ದರ್ಶಿನಿಯಲ್ಲೇ. ಮನೆಯಲ್ಲೇ ತಿನ್ನಿ ಅಂತ ಹೇಳುವವರಿಗೆ ಬೆಂಗಳೂರಿನ ಟ್ರಾಫಿಕ್ ಗೊತ್ತಿಲ್ಲ, ಬಿಡಿ.

ಅಲ್ಲೇ ತಿಂದರೂ ಸಕ್ಕರೆ, ಎಣ್ಣೆ ಕಮ್ಮಿ ಮಾಡಬಹುದು, ಬಾಯಿ ಬಿಟ್ಟು ಕೇಳಬೇಕು ಅಷ್ಟೇ. ಕಾಫಿಯಿಂದ ಶುರು ಮಾಡಿ. ಎಷ್ಟೋ ಕಡೆ ಲೋಟಕ್ಕೆ ಸಕ್ಕರೆ ಮೊದಲೇ ಬಿದ್ದಿರುತ್ತದೆ. ಲೋಟ ಕೈಗೆ ಬಂದ ಮೇಲೆ ಗೊಣಗಿ ಏನೂ ಪ್ರಯೋಜನ ಇಲ್ಲ. ಟೋಕನ್ ಕೊಡುವಾಗಲೇ "ಸಕ್ಕರೆ ಬೇರೆ ಕೊಡಿ" ಅನ್ನಿ. ನಾನು ಈಗ ಅರ್ಧ ಚಮಚಕ್ಕೆ ಇಳಿದಿದ್ದೇನೆ. ಮೊದಲ ವಾರ ಮಾತ್ರ ಕಷ್ಟ.

ಇಡ್ಲಿ ಹಬೆಯಲ್ಲಿ ಬೆಂದದ್ದು, ಚಿಂತೆಯಿಲ್ಲ. ಜೊತೆಗೆ ಬರುವ ವಡೆ ಎಣ್ಣೆಯಲ್ಲಿ ಮುಳುಗಿ ಎದ್ದದ್ದು. ಇಡ್ಲಿ-ವಡೆ ಬದಲು ಮೂರು ಇಡ್ಲಿ ಕೇಳಿ. ಸಾಂಬಾರ್ ಬಟ್ಟಲಲ್ಲಿ ಬೇರೆಯೇ ಇರಲಿ. ಅದ್ದಿ ತಿಂದರೆ ಕಮ್ಮಿ ಸಾಕು, ಬೆಂಗಳೂರಿನ ಸಾಂಬಾರಿಗೆ ಬೆಲ್ಲ ಸ್ವಲ್ಪ ಜಾಸ್ತಿ ಅಲ್ವಾ! ಮಸಾಲೆ ದೋಸೆಗೆ "ಎಣ್ಣೆ ಕಮ್ಮಿ, ಬೆಣ್ಣೆ ಬೇಡ" ಅಂದರೆ ಭಟ್ಟರು ಒಂಥರಾ ನೋಡುತ್ತಾರೆ. ನೋಡಲಿ. ದೋಸೆ ಗರಿಗರಿ ಸ್ವಲ್ಪ ಕಮ್ಮಿಯಾಗುತ್ತದೆ, ನಿಜ.

ಮಧ್ಯಾಹ್ನ ಊಟವಾದರೆ ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ಪೂರಿ ಬದಲು ಚಪಾತಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಹಪ್ಪಳ ಮಾತ್ರ ನಾನು ಬಿಡಲ್ಲ.