ಉಪಗ್ರಹದ ಗೆರೆ ಹಿಡಿಯಲು ಲೆನ್ಸ್‌ಗಿಂತ ಗಡಿಯಾರ ಮುಖ್ಯ

ಆಕಾಶದಲ್ಲಿ ಓಡುವ ಉಪಗ್ರಹವನ್ನು ಚಿತ್ರದಲ್ಲಿ ಗೆರೆಯಾಗಿ ಹಿಡಿದು, ಅದು ಲೆಕ್ಕಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂದು ಅಳೆಯುತ್ತೇನೆ. ತೀರ್ಥಹಳ್ಳಿ ಕಡೆ ಈ ಕೆಲಸಕ್ಕೆ ಸಿಗುವುದು ನವೆಂಬರ್‌ನಿಂದ ಮಾರ್ಚ್‌ವರೆಗಿನ ಸಂಜೆಗಳು. ಮಳೆಗಾಲದಲ್ಲಿ ಆಕಾಶವೇ ಇಲ್ಲ, ಚಳಿಗಾಲದ ಬೆಳಗಿನ ಜಾವ ಮಂಜು. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಕಳೆದರೆ ನಮಗೆ ಕತ್ತಲು, 500–800 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಇನ್ನೂ ಬಿಸಿಲು. ಅದೇ ದಿನಗಳಲ್ಲಿ ಅಂಗಳಕ್ಕೆ ಅಡಿಕೆ ಚಪ್ಪರ ಬಿದ್ದಿರುತ್ತದೆ, ಸುತ್ತ ತೋಟ. ಹಾಗಾಗಿ ಟ್ರೈಪಾಡ್ ಹೊತ್ತು ಬ್ಯಾಣಕ್ಕೇ (ಹುಲ್ಲುಗುಡ್ಡಕ್ಕೇ) ಹೋಗಬೇಕು.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಡಿಎಸ್‌ಎಲ್‌ಆರ್, 50 ಮಿ.ಮೀ. ಲೆನ್ಸ್, ಎಫ್ 1.8, ಐಎಸ್‌ಒ 1600, ಎಕ್ಸ್‌ಪೋಷರ್ 4 ಸೆಕೆಂಡ್. ಎಕ್ಸ್‌ಪೋಷರ್ ಹೆಚ್ಚಿಸಿದ ಮಾತ್ರಕ್ಕೆ ಮಸುಕಾದ ವಸ್ತು ಕಾಣುವುದಿಲ್ಲ, ಗೆರೆ ಉದ್ದವಾಗುತ್ತದೆ ಅಷ್ಟೆ. ಲೆನ್ಸ್‌ಗೆ ಇಬ್ಬನಿ ಕೂರದಂತೆ 12 ವೋಲ್ಟ್ ಬ್ಯಾಟರಿಯಿಂದ 3–4 ವ್ಯಾಟ್‌ನ ಹೀಟರ್ ಪಟ್ಟಿ ಸುತ್ತುತ್ತೇನೆ. ಗುರಿಗೆ ಕಕ್ಷೆಯಲ್ಲೇ ಉಳಿದ ಹಳೆಯ ರಾಕೆಟ್ ಹಂತಗಳೇ ವಾಸಿ: ದೊಡ್ಡವು, ತಾವಾಗಿ ಕಕ್ಷೆ ಬದಲಿಸುವುದಿಲ್ಲ.

500 ಕಿ.ಮೀ. ದೂರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 40 ಮೀಟರ್. ಚೆನ್ನಾಗಿಯೇ ಇದೆ. ಆದರೆ ವಸ್ತುವಿನ ವೇಗ ಸೆಕೆಂಡಿಗೆ 7.6 ಕಿ.ಮೀ.; ಗಡಿಯಾರ 0.1 ಸೆಕೆಂಡ್ ತಪ್ಪಿದರೆ 760 ಮೀಟರ್ ಹೋಯಿತು. ಗುಡ್ಡದ ಮೇಲೆ ಸಿಗುವ ಮೊಬೈಲ್ ನೆಟ್‌ವರ್ಕ್‌ನಿಂದ ಸಮಯ ಹೊಂದಿಸಿದರೆ ಅಷ್ಟು ತಪ್ಪು ಸಲೀಸಾಗಿ ಬರುತ್ತದೆ. ಅದಕ್ಕೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜಿಪಿಎಸ್ ಮಾಡ್ಯೂಲ್‌ನ ಪಿಪಿಎಸ್ ತಂತಿ ಜೋಡಿಸಿದ್ದೇನೆ. ಸೆಕೆಂಡಿಗೊಂದು ನಿಖರ ಮಿಡಿತ ಸಿಗುತ್ತದೆ. ಶಟರ್ ತೆರೆದ ಕ್ಷಣ ತಿಳಿಯಲು ಫ್ಲ್ಯಾಶ್ ಸಿಕ್ಕಿಸುವ ಹಾಟ್‌ಶೂವಿನಿಂದ ಇನ್ನೊಂದು ತಂತಿ, ನಡುವೆ ಎರಡೂ ಕಡೆಯ ವಿದ್ಯುತ್ ಬೆರೆಯದಂತೆ ಪಿಸಿ817 ಆಪ್ಟೊಕಪ್ಲರ್. ಶಟರ್ ಮೆಕ್ಯಾನಿಕಲ್ ಇರಬೇಕು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಆ ಸಂಕೇತ ಬರುವುದು ಅನುಮಾನ.

ಚಿತ್ರದ ನಕ್ಷತ್ರಗಳನ್ನು ಆಸ್ಟ್ರೊಮೆಟ್ರಿ.ನೆಟ್ ತಂತ್ರಾಂಶ ಗುರುತಿಸಿದ ಮೇಲೆ ಗೆರೆಯ ಆರಂಭದ ತುದಿಯನ್ನು ಅಳೆಯುತ್ತೇನೆ. ಪಲ್ಟಿ ಹೊಡೆಯುವ ರಾಕೆಟ್ ಮಿನುಗುತ್ತಿದ್ದು, ತುದಿಯಲ್ಲೇ ಮಂಕಾಗಿದ್ದರೆ ಆ ಚಿತ್ರ ಕೈಬಿಡುವುದು ಮೇಲು. ಹೋಲಿಕೆಗೆ ಸೆಲೆಸ್‌ಟ್ರ್ಯಾಕ್ ಜಾಲತಾಣದಿಂದ ಅದೇ ದಿನದ ಟಿಎಲ್‌ಇ (ಕಕ್ಷೆಯ ವಿವರ ಹೇಳುವ ಎರಡು ಸಾಲಿನ ಅಂಕಿಗಳು), ಲೆಕ್ಕಕ್ಕೆ ಪೈಥಾನ್‌ನ ಸ್ಕೈಫೀಲ್ಡ್ ಲೈಬ್ರರಿ. ಎಸ್‌ಜಿಪಿ4 (ಟಿಎಲ್‌ಇಯಿಂದ ಸ್ಥಾನ ಲೆಕ್ಕ ಹಾಕುವ ಸೂತ್ರ) ಕೊಡುವ ನಿರ್ದೇಶಾಂಕ ಇಂದಿನ ವಿಷುವತ್ತಿನದು, ನಕ್ಷತ್ರಗಳದ್ದು 2000ನೇ ಇಸವಿಯದು. ಎರಡನ್ನೂ ಒಂದೇ ಎಂದುಕೊಂಡರೆ 0.35 ಡಿಗ್ರಿಯಷ್ಟು, ಅಂದರೆ ಸುಮಾರು 80 ಪಿಕ್ಸೆಲ್ ವ್ಯತ್ಯಾಸ ಬರಬಹುದು. ಲೆಕ್ಕ ನಡೆಯುವುದು ಯುಟಿಸಿ ಎಂಬ ವಿಶ್ವ ಸಮಯದಲ್ಲಿ; ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆಯಲು ಮರೆಯುವುದಂತೂ ಎಲ್ಲರೂ ಮಾಡುವ ತಪ್ಪು.

ಟಿಎಲ್‌ಇ ಕೂಡ ದೇವರ ವಾಕ್ಯವಲ್ಲ. ಹೊಸದರಲ್ಲೇ ಸುಮಾರು 1 ಕಿ.ಮೀ. ತಪ್ಪಿರಬಹುದು, ದಿನ ಕಳೆದಂತೆ ಬೆಳೆಯುತ್ತದೆ. 2009ರ ಫೆಬ್ರವರಿ 10ರಂದು ಇರಿಡಿಯಂ 33 ಮತ್ತು ಕಾಸ್ಮಾಸ್ 2251 ಉಪಗ್ರಹಗಳ ನಡುವೆ 584 ಮೀಟರ್ ಅಂತರ ಉಳಿಯುತ್ತದೆ ಎಂದು ಟಿಎಲ್‌ಇ ಲೆಕ್ಕ ಹೇಳಿತ್ತು. ಸೈಬೀರಿಯಾದ ಮೇಲೆ, 789 ಕಿ.ಮೀ. ಎತ್ತರದಲ್ಲಿ, ಎರಡೂ ಡಿಕ್ಕಿ ಹೊಡೆದು ಚೂರಾದವು. ಹಾಗಾಗಿ ನನ್ನ ಅಳತೆಯಿಂದ ಡಿಕ್ಕಿ ಮುನ್ಸೂಚನೆ ಕೊಡುವ ಮಾತಿಲ್ಲ. ಯಾವ ವಸ್ತು ಲೆಕ್ಕಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಓಡುತ್ತಿದೆ ಎಂಬುದಷ್ಟೇ ಸಿಗುತ್ತದೆ.

ಗೆರೆ ಅಡ್ಡಕ್ಕೆ ಸರಿದಿದ್ದರೆ ಮೊದಲು ನಿಂತ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ ನೋಡಿ. ಓಟದ ದಿಕ್ಕಿನಲ್ಲೇ ಸರಿದಿದ್ದರೆ ಅದೇ ರಾತ್ರಿ ಬೇರೆ ಕಕ್ಷೆಯ ಇನ್ನೆರಡು ವಸ್ತು ಹಿಡಿಯಿರಿ. ಮೂರೂ ಅಷ್ಟಷ್ಟೇ ಮಿಲಿಸೆಕೆಂಡು ಸರಿದಿದ್ದರೆ ಗಡಿಯಾರ ಕೆಟ್ಟಿದೆ. ಒಂದೇ ಸರಿದಿದ್ದರೆ ಅದರ ಟಿಎಲ್‌ಇ ಹಳಸಿದೆ.