ನಾಟಕ ತಿಳಿಯಬೇಕೇ? ಸಾರಥಿಯ ಹಾಗೆ ಕೇಳಿ

ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಕಲಾಭವನದಲ್ಲಾಗಲಿ, ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್‌ನಲ್ಲಾಗಲಿ ನಾಟಕ ಮುಗಿದು ಜನ ಹೊರಗೆ ಬರುವಾಗ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಪಾರ್ಟು ಚಲೋ ಮಾಡಿದ್ರು. ಖರೆ, ನಾಟಕ ಪೂರ್ತಿ ತಿಳೀಲಿಲ್ಲ ನೋಡ್ರಿ.’ ಹೀಗೆ ಹೇಳುವವರು ಓದಿದವರೇ ಇರುತ್ತಾರೆ. ಮದುವೆ ಮನೆಯಲ್ಲಿ ಕೂತರೆ ಯಾರು ಯಾರಿಗೆ ಏನಾಗಬೇಕು, ಯಾರ ನಡುವೆ ಮಾತಿಲ್ಲ, ಯಾಕಿಲ್ಲ ಎಂದು ಅರ್ಧ ಗಂಟೆಯಲ್ಲಿ ಹಿಡಿಯುವ ಜನ ಇವರು. ಆ ಜಾಣತನವೇ ನಾಟಕಕ್ಕೂ ಸಾಕು. ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಅನ್ನುವುದು ಗೊತ್ತಾದರೆ ಆಯಿತು.

ಆ ಪ್ರಶ್ನೆ ನಮ್ಮ ಹಳ್ಳಿಗಳ ಬಯಲಾಟದಲ್ಲಿ, ದೊಡ್ಡಾಟದಲ್ಲೇ ಇದೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರ ಕುಣಿಯುತ್ತಾ ರಂಗಕ್ಕೆ ಬರುತ್ತದೆ. ಬಂದ ಪಾತ್ರವನ್ನು ಮಾತಾಡಿಸುವ ಸಾರಥಿ ಎದುರು ನಿಲ್ಲುತ್ತಾನೆ. ತಾವು ಯಾರು? ಯಾವ ಊರಿನವರು? ಇಲ್ಲಿಗೆ ಬಂದ ಕಾರಣ ಏನು? ಎಂಥಾ ದೊಡ್ಡ ರಾಜನಾದರೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಪುಸ್ತಕದ ನಾಟಕಗಳಲ್ಲಿ ಸಾರಥಿ ಇರುವುದಿಲ್ಲ. ಆ ಕೆಲಸ ಓದುವ ನೀವೇ ಮಾಡಬೇಕು. ಮೂರರಲ್ಲಿ ಮೂರನೇ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಮೊದಲ ಸಲ ಎಲ್ಲೂ ನಿಲ್ಲದೆ ಓದಿ. ತಿಳಿಯದ ಮಾತು ಬಂದರೆ ಬರಲಿ, ಮುಂದೆ ಹೋಗಿ. ನಾಟಕ ಎರಡು ಗಂಟೆಯಲ್ಲಿ ಆಡಿ ಮುಗಿಸುವ ವಸ್ತು. ಅದನ್ನು ಎರಡು ತಿಂಗಳು ಎಳೆದರೆ ದಾರ ಕಡಿಯುತ್ತದೆ.

ಪುಸ್ತಕದ ಶುರುವಿನಲ್ಲಿ ಪಾತ್ರಗಳ ಪಟ್ಟಿ ಇರುತ್ತದಲ್ವಾ, ಅದನ್ನು ಹಾಗೇ ಬಾಯಿಪಾಠ ಮಾಡಲು ಹೋಗಬೇಡಿ. ಹಾಳೆಯ ಮೇಲೆ ಚಿತ್ರದ ಹಾಗೆ ಬರೆದುಕೊಳ್ಳಿ. ಗಿರೀಶ ಕಾರ್ನಾಡರ ‘ತುಘಲಕ್’ (1964) ತೆಗೆದುಕೊಳ್ಳೋಣ. ಐನ್-ಉಲ್-ಮುಲ್ಕ್, ಶಿಹಾಬುದ್ದೀನ್, ಇಮಾಮುದ್ದೀನ್, ನಜೀಬ್, ಬರನಿ ಎಂದು ಹೆಸರುಗಳು ಸಾಲಾಗಿ ಬಂದಾಗ ತಲೆ ತಿರುಗುತ್ತದೆ. ಸುಲ್ತಾನನ ಹೆಸರನ್ನು ನಡುವೆ ಬರೆಯಿರಿ. ಅವನು ಗದ್ದುಗೆಯ ಮೇಲೆ ಉಳಿಯಲಿ ಅನ್ನುವವರು ಬಲಕ್ಕೆ: ಮಲತಾಯಿ, ವಜೀರ ನಜೀಬ್, ಇತಿಹಾಸ ಬರೆಯುವ ಬರನಿ. ಇಳಿಯಲಿ ಅನ್ನುವವರು ಎಡಕ್ಕೆ: ಅಮೀರರು, ಶೇಖ್ ಇಮಾಮುದ್ದೀನ್. ಅವನು ಇದ್ದರೂ ಸರಿ, ಹೋದರೂ ಸರಿ, ನಮಗೆ ಲಾಭ ಆಗಲಿ ಅನ್ನುವವರು ಕೆಳಗೆ: ಅಗಸ ಅಜೀಜ್, ಅವನ ಗೆಳೆಯ ಆಜಮ್. ಅರ್ಧ ನಾಟಕ ಆದ ಮೇಲೆ ಇನ್ನೊಂದು ಹಾಳೆಯಲ್ಲಿ ಇದನ್ನೇ ಮತ್ತೆ ಬರೆಯಿರಿ. ಯಾರು ಎಡದಿಂದ ಬಲಕ್ಕೆ ಬಂದರು, ಯಾರ ಹೆಸರು ಅಳಿಸಬೇಕಾಯಿತು ಎಂದು ನೋಡಿ.

‘ಆಮೇಲೆ’ ತೆಗೆದು ‘ಅದಕ್ಕೆ’ ಹಾಕಿ

ಕಥೆ ಹೇಳು ಅಂದರೆ ನಾವೆಲ್ಲ ‘ಆಮೇಲೆ, ಆಮೇಲೆ’ ಎನ್ನುತ್ತಾ ಹೇಳುತ್ತೇವೆ. ಕಾಳಿದಾಸನ ಶಾಕುಂತಲವನ್ನು ಹಾಗೆ ಹೇಳಿದರೆ: ರಾಜ ಬೇಟೆಗೆ ಬಂದ, ಆಮೇಲೆ ಶಕುಂತಲೆಯನ್ನು ಮದುವೆಯಾದ, ಆಮೇಲೆ ದೂರ್ವಾಸರು ಬಂದರು, ಆಮೇಲೆ ಶಾಪ ಕೊಟ್ಟರು. ಇದು ಪಟ್ಟಿ ಆಯಿತು. ಈಗ ಅದೇ ಜಾಗದಲ್ಲಿ ‘ಅದಕ್ಕೆ’ ಹಾಕಿ. ರಾಜ ಊರಿಗೆ ಹೋದ, ಅದಕ್ಕೆ ಅವಳ ಮನಸ್ಸು ಅವನ ಹಿಂದೆ ಹೋಯಿತು. ಅದಕ್ಕೆ ಬಾಗಿಲಿಗೆ ಬಂದ ದೂರ್ವಾಸರ ಕೂಗು ಅವಳಿಗೆ ಕೇಳಲಿಲ್ಲ. ಅದಕ್ಕೆ ಅವರಿಗೆ ಸಿಟ್ಟು ಬಂತು. ನೀನು ಯಾರ ಧ್ಯಾನದಲ್ಲಿ ಇದ್ದೀಯೋ ಅವನೇ ನಿನ್ನನ್ನು ಮರೆಯಲಿ ಎಂಬ ಶಾಪ ಬಂತು. ಈಗ ನೋಡಿ, ಅವಳ ಪ್ರೀತಿಯಿಂದಲೇ ಶಾಪ ಹುಟ್ಟಿದ್ದು ಕಾಣುತ್ತದೆ. ಪ್ರತಿ ಅಂಕ ಮುಗಿದಾಗ ಹೀಗೆ ಎರಡು ಸಾಲು ಬರೆದುಕೊಳ್ಳಿ. ‘ಅದಕ್ಕೆ’ ಎಲ್ಲಿ ಕೂರುವುದಿಲ್ಲವೋ ಅಲ್ಲಿ ನೀವು ಏನನ್ನೋ ಬಿಟ್ಟು ಓದಿದ್ದೀರಿ. ಆ ಪುಟಕ್ಕೆ ಹಿಂದೆ ಹೋಗಿ.

ಯಾರಿಗೆ ಏನು ಗೊತ್ತು?

ಇದೊಂದು ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ನನಗೆ ಇದನ್ನು ಕಲಿಸಿದವರು ಸಪ್ತಾಪುರದಲ್ಲಿರುವ ನಮ್ಮ ಸೋದರತ್ತೆ.

ಭಾನುವಾರ ಸಂಜೆ ನಾವು ನಾಲ್ಕೈದು ಜನ ಅವರ ಮನೆಯ ಪಡಸಾಲೆಯಲ್ಲಿ ಕೂತು ನಾಟಕ ಓದುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅತ್ತೆ ಒಳಗೆ ಚಹಾ ಮಾಡುತ್ತಾ ಕೇಳುತ್ತಿದ್ದವರು. ಶಾಕುಂತಲ ಓದುವ ದಿನ ಒಬ್ಬರು ಬರಲಿಲ್ಲ, ಆಶ್ರಮದ ಹಿರಿಯಳಾದ ಗೌತಮಿಯ ಪಾತ್ರವನ್ನು ಅತ್ತೆಗೆ ಕೊಟ್ಟೆವು. ಐದನೇ ಅಂಕ. ಬಸುರಿ ಶಕುಂತಲೆಯನ್ನು ಕರೆದುಕೊಂಡು ಗೌತಮಿ ಮತ್ತು ಕಣ್ವರ ಶಿಷ್ಯರು ದುಷ್ಯಂತನ ಎದುರು ನಿಂತಿದ್ದಾರೆ. ರಾಜನಿಗೆ ಏನೂ ನೆನಪಿಲ್ಲ. ಗೌತಮಿ ಅವಳ ಮುಸುಕು ತೆಗೆದು ಮುಖ ತೋರಿಸುತ್ತಾಳೆ, ಆದರೂ ಇಲ್ಲ. ರಾಜ ಕೊಟ್ಟ ಉಂಗುರ ತೋರಿಸುತ್ತೇನೆ ಎಂದು ಶಕುಂತಲೆ ಕೈ ನೋಡಿಕೊಳ್ಳುತ್ತಾಳೆ. ಬೆರಳು ಖಾಲಿ. ಶಚೀತೀರ್ಥದಲ್ಲಿ ನೀರಿಗೆ ನಮಸ್ಕಾರ ಮಾಡುವಾಗ ಜಾರಿ ಬಿದ್ದಿರಬೇಕು ಎನ್ನುವ ಮಾತು ಗೌತಮಿಯದೇ. ಅತ್ತೆ ಆ ಸಾಲು ಓದಿ ಪುಸ್ತಕ ಮಡಿಲಲ್ಲಿ ಇಟ್ಟುಬಿಟ್ಟರು.

‘ತಡೀರಿ. ಇಕಿಗೆ ಶಾಪದ ಸುದ್ದಿ ಗೊತ್ತೇ ಇಲ್ಲೇನು?’

ಗೊತ್ತಿಲ್ಲ. ಶಾಪ ಕೇಳಿಸಿಕೊಂಡವರು ಅನಸೂಯೆ, ಪ್ರಿಯಂವದೆ ಇಬ್ಬರೇ. ಗುರುತಿನ ಒಡವೆ ತೋರಿಸಿದರೆ ಶಾಪ ಕಳೆಯುತ್ತದೆ ಎಂದು ದೂರ್ವಾಸರಿಂದ ಹೇಳಿಸಿಕೊಂಡು ಬಂದವಳು ಪ್ರಿಯಂವದೆ.

‘ಮತ್ತ ಆ ಗೆಳತ್ಯಾರು ಯಾಕ ಹೇಳಲಿಲ್ಲ?’

ನಾಲ್ಕನೇ ಅಂಕ ತೆಗೆದು ತೋರಿಸಿದೆವು. ಮೃದು ಸ್ವಭಾವದವಳು, ಅವಳಿಗೆ ತಿಳಿಯುವುದು ಬೇಡ ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಮಲ್ಲಿಗೆ ಬಳ್ಳಿಗೆ ಯಾರಾದರೂ ಬಿಸಿನೀರು ಹಾಕುತ್ತಾರೆಯೇ ಎನ್ನುತ್ತಾಳೆ ಪ್ರಿಯಂವದೆ. ಹೊರಡುವಾಗ ಮಾತ್ರ, ರಾಜನಿಗೆ ಗುರುತು ಸಿಗುವುದು ತಡವಾದರೆ ಈ ಉಂಗುರ ತೋರಿಸು ಎಂದು ಹೇಳಿ ಕಳಿಸುತ್ತಾರೆ. ಯಾಕೆ ಎಂದು ಹೇಳುವುದಿಲ್ಲ. ಅಷ್ಟಕ್ಕೇ ಶಕುಂತಲೆಯ ಎದೆ ನಡುಗುತ್ತದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಪ್ರೀತಿಲಿಂದನ ಕೆಟ್ಟಾತು ನೋಡು’ ಎಂದರು.

ಆ ಅಂಕದ ಬಿಗಿ ಪೂರ್ತಿ ಇಲ್ಲೇ ಇದೆ. ರಂಗದ ಮೇಲೆ ನಿಂತ ಒಬ್ಬರಿಗೂ ಶಾಪದ ವಿಷಯ ಗೊತ್ತಿಲ್ಲ. ರಾಜ ತನ್ನ ಮಟ್ಟಿಗೆ ಸತ್ಯ ಹೇಳುತ್ತಿದ್ದಾನೆ, ಶಕುಂತಲೆಯೂ ಸತ್ಯ ಹೇಳುತ್ತಿದ್ದಾಳೆ. ಕೆಳಗೆ ಕೂತ ನಮಗೆ ಮಾತ್ರ ಎಲ್ಲ ಗೊತ್ತು. ಏಳನೇ ಅಂಕದಲ್ಲಿ ಮಾರೀಚ ಋಷಿ ಬಾಯಿಬಿಟ್ಟು ಹೇಳುವವರೆಗೂ ಗಂಡ ಹೆಂಡತಿ ಇಬ್ಬರಿಗೂ ನಿಜ ಗೊತ್ತಾಗುವುದಿಲ್ಲ. ನಿಮ್ಮ ಹಾಳೆಯಲ್ಲಿ ಪ್ರತಿ ಪಾತ್ರದ ಪಕ್ಕ ‘ಇವರಿಗೆ ಏನು ಗೊತ್ತು’ ಎಂದು ಒಂದು ಸಾಲು ಬರೆಯಿರಿ. ಹಳೆಯ ನಾಟಕಗಳ ಅರ್ಧ ಗಂಟು ಅಲ್ಲೇ ಬಿಚ್ಚುತ್ತದೆ.

ಇಲ್ಲಿಗೆ ಬಂದ ಕಾರಣ ಏನು?

ಈಗ ಸಾರಥಿಯ ಮೂರನೇ ಪ್ರಶ್ನೆ. ಈ ಪಾತ್ರಕ್ಕೆ ಈ ದೃಶ್ಯದಲ್ಲಿ, ಈ ಹೊತ್ತಿನಲ್ಲಿ ಏನು ಬೇಕು? ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪನ್ನು ಸ್ವಲ್ಪ ಬದಿಗಿಡಿ.

ಕಾಲೇಜಿನಲ್ಲಿದ್ದಾಗ ‘ತುಘಲಕ್’ನಲ್ಲಿ ನನಗೆ ನಜೀಬನ ಪಾರ್ಟು ಬಂದಿತ್ತು. ಕುತಂತ್ರಿ ವಜೀರ ಎಂದು ಹುಬ್ಬು ಏರಿಸಿ, ದನಿ ದಪ್ಪ ಮಾಡಿ ಮಾತಾಡುತ್ತಿದ್ದೆ. ತಾಲೀಮಿನಲ್ಲಿ ನಮ್ಮ ಮಾಸ್ತರು ನಿಲ್ಲಿಸಿ ಕೇಳಿದರು: ‘ನಜೀಬನಿಗೆ ಏನು ಬೇಕಪಾ?’ ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ನಜೀಬನ ಮಾತುಗಳನ್ನಷ್ಟೇ ಆರಿಸಿ ಒಂದರ ಕೆಳಗೆ ಒಂದು ಬರೆದೆ. ಎಲ್ಲ ಮಾತಿನ ಹಿಂದೆಯೂ ಒಂದೇ ಆಸೆ: ಸುಲ್ತಾನ ಗದ್ದುಗೆಯ ಮೇಲೆ ಉಳಿಯಬೇಕು. ಮರುದಿನ ದನಿ ತಾನಾಗಿಯೇ ಇಳಿಯಿತು.

ಮಲತಾಯಿಗೂ ಅದೇ ಬೇಕು. ಆದರೆ ಸುಲ್ತಾನ ಹಾಳಾಗುತ್ತಿರುವುದೇ ನಜೀಬನಿಂದ ಎಂದು ಅವಳು ನಂಬಿದ್ದಾಳೆ. ವಿಷ ಹಾಕಿಸಿ ಕೊಲ್ಲಿಸುತ್ತಾಳೆ. ಅದು ಗೊತ್ತಾದ ಸುಲ್ತಾನ ಅವಳಿಗೆ ಕಲ್ಲು ಹೊಡೆದು ಸಾಯಿಸುವ ಶಿಕ್ಷೆ ಕೊಡುತ್ತಾನೆ. ನಿಮ್ಮ ಹಾಳೆಯ ಬಲಭಾಗದಲ್ಲಿ ಇದ್ದವರು ಒಬ್ಬರನ್ನೊಬ್ಬರು ಮುಗಿಸಿದರು. ಒಂದೇ ಆಸೆ ಇರುವ ಇಬ್ಬರು ಹೀಗೆ ಎದುರುಬದುರಾಗುವುದನ್ನು ಗುರುತಿಸಿದರೆ, ತುಘಲಕ್ ಕೊನೆಗೆ ಅಷ್ಟು ಒಂಟಿಯಾಗುವುದು ಯಾಕೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೂ ಈ ಪ್ರಶ್ನೆ ಹಾಕಿ ನೋಡಿ. ಸಂಗ್ಯಾನಿಗೆ ಗಂಗಿ ಬೇಕು, ಅದು ಸರಳ. ಅವಳ ಗಂಡ ಈರ್ಯಾನಿಗೆ ಮಾನ ಬೇಕು, ಅದೂ ಸರಳ. ಬಾಳ್ಯಾನಿಗೆ ಏನು ಬೇಕಾಗಿತ್ತು? ಗೆಳೆಯನಿಗೆ ನೆರವಾದವನೇ ಅವನನ್ನು ಹಿಡಿದುಕೊಟ್ಟ. ನನ್ನ ಮಟ್ಟಿಗೆ ಆ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ಪಾತ್ರ ಅವನದು. ಬಾಳ್ಯಾನ ಪಾರ್ಟು ಮಾಡುವವರು ಯಾವ ಉತ್ತರ ಹಿಡಿದಿದ್ದಾರೆ ಎಂದು ಪ್ರತಿ ಸಲ ಕಣ್ಣಿಟ್ಟು ನೋಡುತ್ತೇನೆ.

ಹಳೆಯ ಕಥೆಗೆ ಏನು ಸೇರಿಸಿದರು?

ನಾಟಕಕಾರರು ತುಂಬಾ ಸಲ ಗೊತ್ತಿರುವ ಕಥೆಯನ್ನೇ ಎತ್ತಿಕೊಳ್ಳುತ್ತಾರೆ. ಆಗ ಮೂಲದಲ್ಲಿ ಇಲ್ಲದೆ ನಾಟಕದಲ್ಲಿ ಇರುವುದು ಏನು ಎಂದು ಹುಡುಕಿ. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅವಳು ಮಗನನ್ನು ಕರೆದುಕೊಂಡು ಬರುತ್ತಾಳೆ, ರಾಜ ಎಲ್ಲ ನೆನಪಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ಅಶರೀರವಾಣಿ ಆದ ಮೇಲೆ, ಜನ ಏನೆಂದಾರು ಎಂದು ಹಾಗೆ ಮಾಡಿದೆ ಅನ್ನುತ್ತಾನೆ. ಕಾಳಿದಾಸ ಶಾಪ ತಂದು ಸುಳ್ಳುಗಾರ ರಾಜನನ್ನು ಮರೆತ ರಾಜನನ್ನಾಗಿ ಮಾಡಿದ. ಇದು ಸರಿಯೋ, ರಾಜನನ್ನು ಉಳಿಸುವ ಉಪಾಯವೋ ಎಂದು ನಮ್ಮ ಪಡಸಾಲೆಯಲ್ಲಿ ಒಂದು ಸಂಜೆ ಪೂರ್ತಿ ಜಗಳ ಆಗಿದೆ. ಮೂಲದ ಶಕುಂತಲೆ ಸಭೆಯಲ್ಲಿ ವಾದ ಮಾಡುವ ರೀತಿ ನನಗೆ ಇಂದಿಗೂ ಹೆಚ್ಚು ಇಷ್ಟ.

ಇನ್ನೊಂದು ಉದಾಹರಣೆ ಧಾರವಾಡದ್ದೇ. 1961ರಲ್ಲಿ ಇಲ್ಲಿನ ಮನೋಹರ ಗ್ರಂಥಮಾಲೆ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು ಅಚ್ಚು ಹಾಕಿತು. ಅಪ್ಪನ ಮುಪ್ಪನ್ನು ಮಗ ಪೂರು ತೆಗೆದುಕೊಂಡ ಎಂಬ ಕಥೆ ಎಲ್ಲರಿಗೂ ಗೊತ್ತು. ಕಾರ್ನಾಡರು ಅಲ್ಲಿಗೆ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದರು. ಹೊಸದಾಗಿ ಮನೆ ತುಂಬಿದ ಹುಡುಗಿ, ಗಂಡ ನೋಡನೋಡುತ್ತಾ ಮುದುಕನಾದ. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ಒಂದು ಪಾತ್ರ ಬಂದ ಕೂಡಲೇ ಪಿತೃಭಕ್ತಿಯ ಕಥೆ ಬೇರೆಯೇ ಆಗಿಬಿಡುತ್ತದೆ.

ಸಣ್ಣ ಪಾರ್ಟುಗಳನ್ನು ಹಾರಿಸಬೇಡಿ

ಶಾಕುಂತಲದ ಆರನೇ ಅಂಕದ ಶುರುವಿಗೆ ಒಬ್ಬ ಮೀನುಗಾರ ಬರುತ್ತಾನೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ರಾಜನ ಉಂಗುರ ಮಾರಲು ಹೋಗಿ ಕಾವಲುಗಾರರ ಕೈಗೆ ಸಿಕ್ಕಿಬಿದ್ದಿದ್ದಾನೆ. ಹೊಡೆತ, ಬೈಗುಳ, ಇವನನ್ನು ಕೊಲ್ಲಲು ಕೈ ತುರಿಸುತ್ತಿದೆ ಅನ್ನುವ ಮಾತು. ಅರಮನೆಯಿಂದ ಉಂಗುರದ ಬೆಲೆಯಷ್ಟೇ ಇನಾಮು ಬಂತು ನೋಡಿ, ಎಲ್ಲ ತಿರುಗಿತು. ಅರ್ಧ ಹಣ ನಿಮಗೆ ಎನ್ನುತ್ತಾನೆ ಮೀನುಗಾರ. ಇಂದಿನಿಂದ ನೀನು ನನ್ನ ಗೆಳೆಯ ಎನ್ನುತ್ತಾನೆ ಕಾವಲಿನ ಮುಖ್ಯಸ್ಥ. ಎಲ್ಲರೂ ಕೂಡಿ ಹೆಂಡದಂಗಡಿಗೆ ಹೋಗುತ್ತಾರೆ. ಇದು ನಗುವಿನ ದೃಶ್ಯ ಹೌದು. ಜೊತೆಗೆ, ಹಿಂದಿನ ಅಂಕದಲ್ಲಿ ಉಂಗುರ ಇಲ್ಲದ ಶಕುಂತಲೆಯ ಮಾತು ನಡೆಯಲಿಲ್ಲ, ಇಲ್ಲಿ ಉಂಗುರ ಇದ್ದ ಮೀನುಗಾರನ ಜೀವ ಉಳಿಯಿತು. ಎರಡೂ ದೃಶ್ಯ ಅಕ್ಕಪಕ್ಕ ಇಟ್ಟು ಓದಿ.

‘ತುಘಲಕ್’ನಲ್ಲಿ ಅಜೀಜ್‌ನನ್ನು ಮಾತ್ರ ಹಿಂಬಾಲಿಸಿ ಒಂದು ಸಲ ಓದಿ. ಸುಲ್ತಾನ ನ್ಯಾಯದ ಬಾಗಿಲು ತೆರೆದರೆ ಇವನು ಬ್ರಾಹ್ಮಣನ ವೇಷದಲ್ಲಿ ದಾವೆ ಹೂಡುತ್ತಾನೆ. ರಾಜಧಾನಿ ದೌಲತಾಬಾದಿಗೆ ಹೊರಟರೆ ದಾರಿಯ ಬಿಡಾರದಲ್ಲಿ ಲಂಚ ತಿನ್ನುತ್ತಾನೆ, ಸಾಯುವ ಕೂಸನ್ನು ಎತ್ತಿಕೊಂಡ ತಾಯಿಯನ್ನೂ ಬಿಡುವುದಿಲ್ಲ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯ ಹೊಡೆಯುತ್ತಾನೆ. ದೊರೆಯ ಪ್ರತಿ ಕನಸೂ ಬೀದಿಗೆ ಇಳಿದಾಗ ಏನಾಗುತ್ತದೆ ಎಂದು ಅಜೀಜ್‌ನಿಂದ ತಿಳಿಯುತ್ತದೆ.

ಕೊನೆಗೆ, ಬಾಯಿಬಿಟ್ಟು ಓದಿ

ಕಣ್ಣಲ್ಲಿ ಓದಿದ ನಾಟಕ ಅರ್ಧ ಓದಿದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲೇ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಈ ಕಡೆಯ ಜನರ ಆಡುಮಾತಿಗೆ ಹತ್ತಿರವಾಗಿ ಕನ್ನಡಕ್ಕೆ ತಂದಿದ್ದರು. ಗದಗಿನಲ್ಲಿ ಪಂಡಿತ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟ್ಯಸಂಘದಲ್ಲಿ ಕಣ್ಣು ಕಾಣದ ಕಲಾವಿದರು ಮಾತನ್ನೂ ಹಾಡನ್ನೂ ಕಿವಿಯಿಂದಲೇ ಕಲಿತು ರಂಗ ಏರಿದ್ದಾರೆ. ನಾಲ್ಕು ಜನ, ನಾಲ್ಕು ಕುರ್ಚಿ, ಒಂದು ಕೆಟಲ್ ಚಹಾ ಇದ್ದರೆ ನೀವೂ ಶುರು ಮಾಡಬಹುದು. ಪುಸ್ತಕ ಸಿಗದಿದ್ದರೆ ಜೆರಾಕ್ಸ್‌ಗೆ ಅಲೆಯಬೇಡಿ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಕೇಳಿ. ಓದುವಾಗ ಪಾತ್ರ ಬದಲಿಸಿಕೊಳ್ಳಿ: ಈ ವಾರ ರಾಜ ಆದವರು ಮುಂದಿನ ವಾರ ಕಾವಲುಗಾರ ಆಗಲಿ. ಯಾರು ಮಾತಾಡದೆ ನಿಂತಿದ್ದಾರೆ ಅನ್ನುವುದನ್ನೂ ಗಮನಿಸಿ. ಪುಟದ ಮೇಲೆ ಅವರು ಕಾಣುವುದಿಲ್ಲ, ಪಡಸಾಲೆಯಲ್ಲಿ ಎದುರಿಗೇ ಕೂತಿರುತ್ತಾರೆ.

ಬರುವ ಭಾನುವಾರ ನಮ್ಮಲ್ಲಿ ‘ತುಘಲಕ್’. ಮಲತಾಯಿಯ ಪಾರ್ಟು ತಮಗೇ ಬೇಕು ಎಂದು ಅತ್ತೆ ಮೊದಲೇ ಹೇಳಿದ್ದಾರೆ. ನಿನ್ನೆ ಫೋನ್ ಮಾಡಿ ಕೇಳಿದರು: ‘ಅಲ್ಲೋ, ಮಗನ ಕೈಯಾಗ ಇಷ್ಟು ಜನ ಸತ್ತಾರ. ಅಕಿ ಸಿಟ್ಟೆಲ್ಲಾ ನಜೀಬನ ಮ್ಯಾಲೆ ಯಾಕ?’