ಬ್ಲೂ ಕಾರ್ಡ್ ಜೊತೆ ಜರ್ಮನಿಯಿಂದ ನೆದರ್ಲ್ಯಾಂಡ್ಸ್‌ಗೆ

ಐರೋಪ್ಯ ಒಕ್ಕೂಟದ (ಇಯು) ಪ್ರಜೆಗಳು ಐಡಿ ಕಾರ್ಡ್ ತೋರಿಸಿ ಒಕ್ಕೂಟದ ಇನ್ನೊಂದು ದೇಶದಲ್ಲಿ ಕೆಲಸಕ್ಕೆ ಸೇರಬಹುದು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅದಕ್ಕೆ ಹತ್ತಿರದ ದಾರಿಯೆಂದರೆ ಇಯು ಬ್ಲೂ ಕಾರ್ಡ್, ಅಂದರೆ ಹೊರದೇಶದ ಉನ್ನತ ಕೌಶಲದ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ.

ಮೊದಲ ದೇಶದಲ್ಲಿ ಬ್ಲೂ ಕಾರ್ಡ್ ಮೇಲೆ 12 ತಿಂಗಳು ಇದ್ದಿರಬೇಕು. ಆಮೇಲೆ ಹೊಸ ಕೆಲಸದ ಒಪ್ಪಂದ ಕೈಗೆ ಬರಲಿ. ಸಂಬಳ ಹೊಸ ದೇಶದ ಕನಿಷ್ಠ ಮಿತಿ ಮುಟ್ಟಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಜರ್ಮನಿಯ ಮಿತಿಯನ್ನೇ ನಂಬಿಕೊಂಡು.

ಹೊಸ ದೇಶಕ್ಕೆ ಹೋದ ಮೇಲೆ ಒಂದು ತಿಂಗಳೊಳಗೆ ಅಲ್ಲಿನ ಬ್ಲೂ ಕಾರ್ಡ್‌ಗೆ ಅರ್ಜಿ ಸಲ್ಲಿಸಿ. ಅರ್ಜಿ ಪೂರ್ಣವಾಗಿದ್ದರೆ ಸಾಮಾನ್ಯವಾಗಿ 30 ದಿನದಲ್ಲಿ ತೀರ್ಮಾನ. ಒಂದು ಕಾಗದ ಕಡಿಮೆಯಾದರೂ ಆ ಲೆಕ್ಕ ಶುರುವಾಗುವುದಿಲ್ಲ. ಹಳೆಯ ಕಾರ್ಡಿನ ಅವಧಿ ಮುಗಿಯುವ ಹೊತ್ತಿಗೆ ಹೊರಡುವುದು ಬೇಡ.

ನೆದರ್ಲ್ಯಾಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ 5 ದಿನದೊಳಗೆ ಅಲ್ಲಿನ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಬಾಡಿಗೆ ಕರಾರಿನಂಥ ವಿಳಾಸದ ಪುರಾವೆ ಬೇಕು, ಸಾಮಾನ್ಯವಾಗಿ ಹೋಟೆಲ್ ರಸೀದಿ ಸಾಲದು. ಜರ್ಮನಿಯ ವಿಳಾಸವನ್ನು ಮನೆ ಬಿಡುವ ಒಂದು ವಾರ ಮೊದಲಿನಿಂದ ಎರಡು ವಾರ ನಂತರದವರೆಗೆ ರದ್ದು ಮಾಡಿಸಬಹುದು. ರದ್ದಾಯಿತೆಂದು ಕೊಡುವ ಪತ್ರ ಜೋಪಾನ, ವಿಮೆ ನಿಲ್ಲಿಸುವಾಗ ಕೇಳುತ್ತಾರೆ.

ಬೇರೆ ಬೇರೆ ದೇಶಗಳ ಬ್ಲೂ ಕಾರ್ಡ್ ವರ್ಷಗಳನ್ನು ಕೂಡಿಸಿ ಐದಾದರೆ, ಕೊನೆಯ ಎರಡು ವರ್ಷ ಅರ್ಜಿ ಹಾಕುವ ದೇಶದಲ್ಲೇ ಇದ್ದಿದ್ದರೆ, ದೀರ್ಘಕಾಲದ ವಾಸಕ್ಕೆ ಅರ್ಜಿ ಹಾಕಬಹುದು. ಐರ್ಲೆಂಡ್, ಡೆನ್ಮಾರ್ಕ್‌ಗೆ ಬ್ಲೂ ಕಾರ್ಡ್‌ನ ಈ ನಿಯಮಗಳು ಅನ್ವಯಿಸವು.